ಅಲಸಂದೆ ಗಿಡದ ಪ್ರಯೋಗ ಉಲ್ಟಾ ಆಯ್ತು, ಎಲ್ಲಿ ತಪ್ಪಿದೆವು?

ಪ್ರಶ್ನೆ (ತೀರ್ಥಹಳ್ಳಿ ಕಡೆಯವರು)
ಮಗಳು ಎಂಟನೇ ಕ್ಲಾಸು. ಜೀವಾಮೃತ (ಸೆಗಣಿ, ಗಂಜಲ, ಬೆಲ್ಲ ಕಲಸಿ ಮಾಡೋ ದ್ರವ ಗೊಬ್ಬರ) ಹಾಕಿದರೆ ಅಲಸಂದೆ ಗಿಡ ಜಾಸ್ತಿ ಬೆಳೆಯುತ್ತಾ ಅಂತ ನೋಡೋಕೆ ಮಣ್ಣು ತುಂಬಿದ ಎರಡು ಕೊಟ್ಟೆಯಲ್ಲಿ (ಚೀಲದಲ್ಲಿ) ಬೀಜ ಹಾಕಿದೆವು. ಜೀವಾಮೃತದ್ದು ಅಂಗಳದ ಬಿಸಿಲಲ್ಲಿ, ಬರೀ ನೀರಿನದು ಜಗಲಿಯ ಮೂಲೆಯಲ್ಲಿ. ಈಗ ನೋಡಿದರೆ ನೀರಿನದೇ ಉದ್ದ ಬಂದಿದೆ! ಪಾಪ, ಅವಳಿಗೆ ತುಂಬಾ ಬೇಜಾರಾಗಿದೆ.

ಉತ್ತರ (ಸಾಗರದಿಂದ)
ಜಗಲಿ ಗಿಡದ ಕಾಂಡ ತೆಳ್ಳಗೆ, ಎಲೆ ಬಿಳಿಚಿಕೊಂಡು ಇದೆಯಾ ನೋಡಿ. ಬೆಳಕು ಸಾಲದಿದ್ದರೆ ಗಿಡ ಬೆಳಕು ಹುಡುಕಿಕೊಂಡು ಹೀಗೇ ಉದ್ದಕ್ಕೆ ಎಳೆಯುತ್ತೆ, ಅದು ಚೆನ್ನಾಗಿ ಬೆಳೆದದ್ದಲ್ಲ. ಎತ್ತರದ ಜೊತೆ ಎಲೆ ಎಣಿಸಿ, ಕೊನೆಗೆ ಬೇರು ಸಮೇತ ಕಿತ್ತು ತೊಳೆದು ಒಣಗಿಸಿ ತೂಗಿ. ಜೀವಾಮೃತ ಒಂದು ಬಿಟ್ಟು ಮಣ್ಣು, ಬೆಳಕು, ಬೀಜ ಎಲ್ಲಾ ಒಂದೇ ಥರ ಇರಬೇಕು. ಒಂದಕ್ಕೆ ಒಂದು ಲೋಟ ಜೀವಾಮೃತ ಹಾಕಿದ ದಿನ ಇನ್ನೊಂದಕ್ಕೂ ಅಷ್ಟೇ ನೀರು ಹಾಕಿ, ಇಲ್ಲದಿದ್ದರೆ ನೀರಿನಿಂದಲೋ ಜೀವಾಮೃತದಿಂದಲೋ ಗೊತ್ತಾಗಲ್ಲ.

ಉತ್ತರ (ಹೊಸನಗರದಿಂದ)
ಒಂದೊಂದೇ ಗಿಡ ಸಾಲದು, ಬೀಜವೇ ಸೊರಗಿದ್ದಿರಬಹುದು. ಹತ್ತು ಹತ್ತು ಕೊಟ್ಟೆ ಮಾಡಿ, ಯಾವುದಕ್ಕೆ ಏನು ಅಂತ ಚೀಟಿ ಎತ್ತಿ. 1920ರ ದಶಕದಲ್ಲಿ ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಹೊಲದ ಪ್ರಯೋಗಗಳಿಗೆ ಇದೇ ದಾರಿ ತೋರಿಸಿದ್ದು. ನಮ್ಮ ಮಳೆಗಾಲದಲ್ಲಿ ಸೂರಿನ ನೀರು ಒಂದು ಸಾಲಿಗೆ ಮಾತ್ರ ಬಿದ್ದರೆ ಸತ್ವವೆಲ್ಲಾ ತೊಳೆದುಹೋಗುತ್ತೆ, ಎಲ್ಲವನ್ನೂ ಮಳೆ ತಾಗದ ಬೆಳಕಿನ ಜಾಗದಲ್ಲೇ ಇಡಿ.

ಪ್ರಶ್ನೆ ಕೇಳಿದವರು
ಹೌದು, ಎಲೆ ಬಿಳಿಚಿದೆ! ಮಗಳು ಈಗಲೇ ಚೀಟಿ ಬರೆಯೋಕೆ ಕೂತಿದ್ದಾಳೆ.