ಪದ ಬೇಕು: ‘ಕಾಸ್ತಾ’, ‘ಲಿಬರ್ತಾರಿಯೊ’ ಮತ್ತು ಒಂದು ಸಚಿವಾಲಯದ ಹೆಸರು

ಎಲ್ಲರಿಗೂ ನಮಸ್ಕಾರ. ಅರ್ಜೆಂಟೀನಾದ ಅಧ್ಯಕ್ಷ, ಅರ್ಥಶಾಸ್ತ್ರಜ್ಞ ಹಾವಿಯೆರ್ ಮಿಲೇ ಕುರಿತ ಲೇಖನವೊಂದನ್ನು ಸ್ಪ್ಯಾನಿಷ್‌ನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಪುಟ ಇಂದು ರಾತ್ರಿಯೇ ಅಚ್ಚಿಗೆ ಹೋಗಬೇಕು.

ಮಿಲೇ ತಮ್ಮನ್ನು ‘ಲಿಬರಲ್ ಲಿಬರ್ತಾರಿಯೊ’ ಎಂದು ಕರೆದುಕೊಳ್ಳುತ್ತಾರೆ, ಎಂದರೆ ಮಾರುಕಟ್ಟೆ ಸ್ವತಂತ್ರವಾಗಿರಲಿ, ಸರ್ಕಾರ ಆದಷ್ಟು ಚಿಕ್ಕದಾಗಿರಲಿ ಎನ್ನುವವರು. ಮೊದಲನೆಯದಕ್ಕೆ ಉದಾರವಾದಿ ಎಂದು ಹಾಕಿದ್ದೇನೆ. ಮುಂದಿನ ಸಾಲಿನಲ್ಲೇ, 2023ರ ಡಿಸೆಂಬರ್ 10ರಂದು ಅಧಿಕಾರ ವಹಿಸಿಕೊಂಡವರು 18 ಸಚಿವಾಲಯಗಳನ್ನು 9ಕ್ಕೆ ಇಳಿಸಿದರು ಎಂದಿದೆ. ಇದೆಂಥ ಔದಾರ್ಯ ಎಂದು ಓದುಗರು ನಗುವುದಿಲ್ಲವೇ? ಎರಡನೆಯದಕ್ಕೆ ಸ್ವಾತಂತ್ರ್ಯವಾದಿ ಎಂದರೆ ಸೆರೆಮನೆ ಕಂಡ ಹೋರಾಟಗಾರರು ನೆನಪಾಗುತ್ತಾರೆ. ‘ಕಾಸ್ತಾ’ ಅವರ ಭಾಷಣಗಳಲ್ಲಿ ಬೈಗುಳ. ಹಳೆಯ ರಾಜಕಾರಣಿಗಳು, ಅವರನ್ನು ನೆಚ್ಚಿಕೊಂಡ ಉದ್ಯಮಿಗಳು, ಕಾರ್ಮಿಕ ಸಂಘಗಳ ಮುಖಂಡರು ಎಲ್ಲರೂ ಅದರೊಳಗೆ ಬರುತ್ತಾರೆ. ನಿಘಂಟು ‘ಜಾತಿ’ ಎನ್ನುತ್ತದೆ. ಹಾಗೆ ಬರೆಯಲು ಸಾಧ್ಯವೇ ಇಲ್ಲ. ಇನ್ನು 2024ರ ಜುಲೈನಲ್ಲಿ ಹುಟ್ಟಿದ, ಫೆದೆರಿಕೊ ಸ್ಟುರ್ಸೆನೆಗೆರ್ ಸಚಿವರಾಗಿರುವ ‘ದೆಸ್‌ರೆಗುಲಾಸಿಯೊನ್ ಇ ತ್ರಾನ್ಸ್‌ಫೊರ್ಮಾಸಿಯೊನ್ ದೆಲ್ ಎಸ್ತಾದೊ’ ಸಚಿವಾಲಯ. ಸರ್ಕಾರಿ ಕಟ್ಟುಪಾಡುಗಳನ್ನು ಹುಡುಕಿ ತೆಗೆಯುವುದು ಅದರ ಕೆಲಸ. ‘ಅನಿಯಂತ್ರಣ ಸಚಿವಾಲಯ’ ಎಂದು ಬರೆದು ನೋಡಿದೆ, ಯಾರ ಹಿಡಿತಕ್ಕೂ ಸಿಗದ ಸಚಿವಾಲಯ ಎಂಬಂತಾಯಿತು.

ಮರು:
ಉದಾರೀಕರಣ 1991ರಿಂದ ಚಲಾವಣೆಯಲ್ಲಿದೆ, ಯಾರೂ ನಕ್ಕದ್ದು ಕಾಣೆ. ಉದಾರ ಎಂದರೆ ದಾನಶೂರ ಎಂದಷ್ಟೇ ತಿಳಿದವರು ಸಂಸ್ಕೃತ ನಿಘಂಟನ್ನು ತೆರೆಯಲಿ. ಅದರ ಹಳೆಯ ಅರ್ಥ ಎತ್ತರದ್ದು, ಶ್ರೇಷ್ಠವಾದದ್ದು. ಕೊಡುಗೈತನ ಆ ಶ್ರೇಷ್ಠತೆಯ ಒಂದು ಲಕ್ಷಣ ಮಾತ್ರ. ಲ್ಯಾಟಿನ್ನಿನ ಲಿಬೆರಾಲಿಸ್ ಕೂಡ ‘ಸ್ವತಂತ್ರ ಮನುಷ್ಯನಿಗೆ ತಕ್ಕದ್ದು’ ಎಂಬಲ್ಲಿ ಹೊರಟು ಕೊಡುಗೈಗೆ ಬಂದು ನಿಂತಿತು. ಇಷ್ಟು ಚೆನ್ನಾಗಿ ಕೂಡಿಬಂದ ಜೋಡಿಯನ್ನು ಒಡೆಯಬೇಡಿ.

ಮರು:
ಸಂಸ್ಕೃತ ನಿಘಂಟು ತೆರೆದರೆ ಮಾತ್ರ ತಿಳಿಯುವ ಕನ್ನಡ ಯಾರಿಗೆ ಬೇಕು? ‘ಬಿಡುನೆಲೆಯವರು’ ಎನ್ನಿ. ಸಚಿವಾಲಯಕ್ಕೆ ‘ಕಟ್ಟಳೆ ಕಳಚುವ ಇಲಾಖೆ’. ತಲೆಬರಹದಲ್ಲಿ ಗರಗಸ ಇರಲೇಬೇಕು, ಚುನಾವಣೆಯ ಮೆರವಣಿಗೆಗಳಲ್ಲಿ ಮಿಲೇ ಸರ್ಕಾರದ ವೆಚ್ಚ ಕತ್ತರಿಸುವ ಗುರುತಾಗಿ ಎತ್ತಿ ಹಿಡಿದದ್ದು ಅದನ್ನೇ. ಅಚ್ಚಗನ್ನಡದ ಪದ, ಗರಗರ ಎಂಬ ಸದ್ದಿನಿಂದಲೇ ಹುಟ್ಟಿದ್ದು.

ಮರು:
ಗರಗಸ ಸಂಸ್ಕೃತದ ಕ್ರಕಚದ ತದ್ಭವ. ಇಲಾಖೆ ಅರಬ್ಬಿ. ‘ಬಿಡುನೆಲೆಯವರು’ ಎಂದರೆ ನೆಲೆ ಬಿಟ್ಟು ಹೋದವರು ಎಂದು ನಾನು ಓದಿಕೊಂಡೆ.

ಮರು:
ತದ್ಭವವಾಗಿ ನಾಲಗೆಗೆ ಒಗ್ಗಿದ ಮೇಲೆ ಅದು ನಮ್ಮದು. ನನ್ನ ತಕರಾರು ಒಗ್ಗದವುಗಳ ಬಗ್ಗೆ.

ಮರು:
‘ತಕರಾರು’ ಯಾವಾಗ ಒಗ್ಗಿತೋ! ಹಣಕಾಸಿನ ವಿಷಯದಲ್ಲಿ ಈ ಶುದ್ಧಿಯ ಮಾತೇ ವ್ಯರ್ಥ. ಜಮಾ, ಖರ್ಚು, ಬಾಕಿ, ವಸೂಲಿ, ರದ್ದು ಎಲ್ಲವೂ ಹೊರಗಿನಿಂದ ಬಂದವು. ಇವನ್ನು ಹೊಡೆದುಹಾಕಿದರೆ ಲೆಕ್ಕದ ಪುಸ್ತಕದಲ್ಲಿ ಖಾಲಿ ಹಾಳೆ ಉಳಿಯುತ್ತದೆ. ಖಾಲಿಯೂ ಎರವಲೇ.

ಮರು:
ಕೇಳಿದವರಿಗೆ ಇಂದು ರಾತ್ರಿಯೇ ಪದ ಬೇಕು ಎಂಬುದು ಯಾರಿಗಾದರೂ ನೆನಪಿದೆಯೇ?

‘ಕಾಸ್ತಾ’ಗೆ ಪಟ್ಟಭದ್ರರು. ಪಟ್ಟಭದ್ರ ಹಿತಾಸಕ್ತಿ ಎಂಬ ಬೈಗುಳ ನಮ್ಮಲ್ಲಿ ಈಗಾಗಲೇ ಸವೆದಿದೆ, ಅದೇ ಇಲ್ಲಿ ಅನುಕೂಲ. ಐಬೀರಿಯಾದ ಭಾಷೆಗಳಲ್ಲಿ ಕಾಸ್ತಾ ಎಂದರೆ ವಂಶ, ತಳಿ. ಪೋರ್ಚುಗೀಸರು ಇಲ್ಲಿಗೆ ಬಂದು ನಮ್ಮ ಜಾತಿಗಳಿಗೆ ಆ ಹೆಸರನ್ನು ಅಂಟಿಸಿದರು, ಇಂಗ್ಲಿಷಿಗೂ ಅಲ್ಲಿಂದಲೇ ಹೋಯಿತು. ಆದ್ದರಿಂದ ‘ಜಾತಿ’ ಎಂಬುದು ಮೂಲಾರ್ಥವಲ್ಲ, ನಮ್ಮಿಂದ ಅಂಟಿಕೊಂಡ ಅರ್ಥ. ರಾಜಕೀಯದ ಬೈಗುಳವಾಗಿ ಅದನ್ನು 2014ರ ಹೊತ್ತಿಗೆ ಸ್ಪೇನಿನಲ್ಲಿ ಪ್ರಚಾರಕ್ಕೆ ತಂದವರು ಎಡಪಂಥದ ಪೊದೆಮೋಸ್ ಪಕ್ಷದವರು. ಮಿಲೇ ಬಾಯಲ್ಲಿ ಅದು ಬಲಕ್ಕೆ ಹೊರಳಿತು. ಅವರ ಸಭೆಗಳ ಕೂಗು ‘ಲಾ ಕಾಸ್ತಾ ತಿಯೆನೆ ಮಿಯೆದೊ’ ಎಂಬುದನ್ನು ‘ಪಟ್ಟಭದ್ರರು ಬೆದರಿದ್ದಾರೆ’ ಎಂದು ಕೂಗಿ ನೋಡಿ, ನಿಲ್ಲುತ್ತದೆ.

ಸಚಿವಾಲಯಕ್ಕೆ ‘ರದ್ದತಿ’ ಸಾಲದು. 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ 366 ವಿಧಿಗಳ ತುರ್ತು ಆಜ್ಞೆ ಬಾಡಿಗೆ ಕಾನೂನನ್ನು ಪೂರ್ತಿ ರದ್ದು ಮಾಡಿತು, ನಿಜ. ಆದರೆ ಡಾಲರ್ ಖರೀದಿಯ ನಿರ್ಬಂಧವನ್ನು 2025ರ ಏಪ್ರಿಲ್‌ನಲ್ಲಿ ಜನಸಾಮಾನ್ಯರಿಗೆ ತೆಗೆದರೂ ಕಂಪನಿಗಳಿಗೆ ಭಾಗಶಃ ಉಳಿಸಿಕೊಂಡರು. ಎರಡನ್ನೂ ಹಿಡಿಯುವ ಪದ ‘ತೆರವು’. ನಿಯಂತ್ರಣ ತೆರವು ಮತ್ತು ಆಡಳಿತ ಮಾರ್ಪಾಡು ಸಚಿವಾಲಯ ಎಂದರೆ ಪೂರ್ತಿ ಹೆಸರೂ ಬಂದಂತಾಯಿತು.

ಗರಗಸವೊಂದನ್ನೇ ತಲೆಬರಹಕ್ಕೆ ಏರಿಸಬೇಡಿ. ಅಲ್ಲಿನವರು ಅದರ ಜೊತೆಗೆ ‘ಲಿಕ್ವಾದೋರಾ’ ಎಂದೂ ಹೇಳುತ್ತಾರೆ, ಎಂದರೆ ಮಿಕ್ಸಿ. 2023ರ ವರ್ಷಾಂತ್ಯಕ್ಕೆ ಹಣದುಬ್ಬರ ಶೇ 211.4 ಇತ್ತು. ಪಿಂಚಣಿಯನ್ನು ಬೆಲೆಯಷ್ಟು ಏರಿಸದೆ ಬಿಟ್ಟರೆ ಸಾಕು, ಯಾವ ಆದೇಶವೂ ಇಲ್ಲದೆ ಅದರ ಮೌಲ್ಯ ನೀರಾಗುತ್ತದೆ. 2024ರ ಮೊದಲ ತಿಂಗಳುಗಳಲ್ಲಿ ಸರ್ಕಾರ ಮಾಡಿದ ಉಳಿತಾಯದಲ್ಲಿ ಇದರ ಪಾಲು ದೊಡ್ಡದು. ಇದಕ್ಕೆ ಅಲ್ಲಿನವರು ಬಳಸುವ ‘ಲಿಕ್ವಾರ್’ (ಮಿಕ್ಸಿಗೆ ಹಾಕು) ಎಂಬ ಕ್ರಿಯಾಪದಕ್ಕೆ ‘ಕರಗಿಸು’ ಎನ್ನಿ. ಕತ್ತರಿಸಿದ್ದು ಕಣ್ಣಿಗೆ ಕಾಣುತ್ತದೆ, ಕರಗಿಸಿದ್ದು ಕಾಣುವುದಿಲ್ಲ. ಅಲ್ಲಿನ ಜಗಳದ ಅರ್ಧ ಇದೇ.

ಲಿಬರ್ತಾರಿಯೊ ಪದವನ್ನು ಮುಟ್ಟಬೇಡಿ. ಸ್ಪ್ಯಾನಿಷ್‌ನಲ್ಲಿ ಅದು ಬಹುಕಾಲ ಅರಾಜಕತಾವಾದಿಗಳ, ಬಂಡವಾಳವನ್ನೂ ಪ್ರಭುತ್ವವನ್ನೂ ಒಟ್ಟಿಗೆ ವಿರೋಧಿಸಿದವರ ಪದವಾಗಿತ್ತು. ಅಲ್ಲೇ ತೀರದ ವ್ಯಾಜ್ಯವನ್ನು ನಾವೇಕೆ ತೀರಿಸಬೇಕು? ‘ಆರ್ಥಿಕ ಉದಾರವಾದಿ, ಅದರಲ್ಲೂ ಲಿಬರ್ಟೇರಿಯನ್’ ಎಂದು ಬಿಡಿಸಿ ಬರೆಯಿರಿ.

ಮರು:
> ಅದರಲ್ಲೂ ಲಿಬರ್ಟೇರಿಯನ್
ಸ್ಪ್ಯಾನಿಷ್ ಆಡುವವರ ಬಾಯಿಗೆ ಇಂಗ್ಲಿಷ್ ತುರುಕುವುದು ಯಾವ ನ್ಯಾಯ? ಎರವಲು ತರಲೇಬೇಕಾದರೆ ಲಿಬರ್ತಾರಿಯೊ ಎಂದೇ ತನ್ನಿ. ದಲ್ಲಾಳಿ ಬೇಡ.

ಮರು:
ಈ ಒಂದು ಮಾತು ಸರಿ. ದಲ್ಲಾಳಿ ಯಾವ ಭಾಷೆಯ ಪದ ಎಂದು ಕೇಳುವುದಿಲ್ಲ.

ಮರು:
ಪಟ್ಟಭದ್ರರು, ತೆರವು, ಕರಗಿಸು, ಲಿಬರ್ತಾರಿಯೊ ನಾಲ್ಕೂ ಪುಟಕ್ಕೆ ಹೋದವು. ಉದಾರವಾದಿಗೆ ‘ಆರ್ಥಿಕ’ ಸೇರಿಸಿದೆ. ಒಂದು ಉಳಿದಿದೆ: ಪದಗ್ರಹಣದ ಭಾಷಣದಲ್ಲಿ ಅವರು ಆಡಿದ ‘ನೋ ಆಯ್ ಪ್ಲಾತಾ’. ಪ್ಲಾತಾ ಎಂದರೆ ಬೆಳ್ಳಿ, ಅಲ್ಲಿನ ಆಡುಮಾತಿನಲ್ಲಿ ಹಣ. ‘ಹಣದ ಕೊರತೆಯಿದೆ’ ಎಂದರೆ ಬಜೆಟ್ ಓದಿದಂತಿದೆ.

ಮರು:
‘ಕಾಸಿಲ್ಲ.’ ಪುಟ ಕಳುಹಿಸಿ.