ಸಹಾಯ ಬೇಕು: ಮೊದಲ ಸಲ ಕ್ರೂಸ್, ಖರ್ಚಿನ ಅಂದಾಜು ಹೇಳಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಗೆ ಮುಂಬೈನಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಕ್ರೂಸ್ ನೋಡುತ್ತಿದ್ದೇವೆ. ನಾವು ಹುಬ್ಬಳ್ಳಿಯವರು. ನಾನು, ನಮ್ಮವರು, ಇಬ್ಬರು ಮಕ್ಕಳು, ಜೊತೆಗೆ ಅತ್ತೆ ಮಾವ.

ಟಿಕೆಟ್‌ನಲ್ಲೇ ಊಟ ತಿಂಡಿ ಸೇರಿರುತ್ತದೆ, ಸರಿ. ಆದರೆ ಅದರ ಮೇಲೆ ಪೋರ್ಟ್ ಚಾರ್ಜು, ಜಿಎಸ್‌ಟಿ. ವೈಫೈಗೆ, ದ್ವೀಪ ಸುತ್ತಾಡಲು ಬೇರೆ ದುಡ್ಡು. ಹಡಗು ಹತ್ತಿದ ಮೇಲೆ ನಿಮಗೆ ನಿಜವಾಗಿ ಎಷ್ಟು ಖರ್ಚಾಯಿತು? ಹೋಗಿಬಂದವರು ದಯವಿಟ್ಟು ಹೇಳಿ.

ದೊಡ್ಡ ತಲೆನೋವು ಕ್ಯಾಬಿನ್‌ದು. ಕಿಟಕಿ ಇಲ್ಲದ ಒಳಗಿನ ಕೋಣೆ ಅಗ್ಗ, ಬಾಲ್ಕನಿ ಇರುವುದು ತುಂಬಾ ಜಾಸ್ತಿ. "ಮಲಗೋಕೆ ತಾನೇ, ಒಳಗಿನದೇ ಸಾಕು" ಅನ್ನುತ್ತಾರೆ ನಮ್ಮವರು. ಆದರೆ ಅತ್ತೆಗೆ ಬಸ್ಸಲ್ಲೇ ಆಗಲ್ಲ. ಅರಬೈಲ್ ಘಟ್ಟ ಇಳಿಯುವಷ್ಟು ಹೊತ್ತೂ ನಿಂಬೆಹಣ್ಣು ಮೂಗಿಗೆ ಹಿಡಿದೇ ಕೂತಿರುತ್ತಾರೆ! ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಅಲುಗಾಟ ಕಡಿಮೆ ಅಲ್ವಾ? ಬುಕ್ ಮಾಡುವಾಗ ಅಂಥ ಕೋಣೆ ನಾವೇ ಆರಿಸಬಹುದಾ, ಅದಕ್ಕೂ ಜಾಸ್ತಿ ಕೊಡಬೇಕಾ?

ಮಾವ ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಜೈನ ಊಟ ಸಿಗುತ್ತದಂತೆ, ರುಚಿ ಹೇಗಿದೆ?

ಇನ್ನೊಂದು. ದೊಡ್ಡ ಹಡಗು ದ್ವೀಪದ ದಡಕ್ಕೆ ಬರುವುದಿಲ್ಲ, ಸಮುದ್ರದಲ್ಲೇ ಸಣ್ಣ ದೋಣಿಗೆ ಇಳಿಯಬೇಕು. ಮಂಡಿನೋವು ಇರುವವರನ್ನು ಹಾಗೆ ಇಳಿಸಿದವರು ಯಾರಾದರೂ ಇದ್ದೀರಾ?