ಜಾತ್ರೆ ಕುಸ್ತಿಗೆ ಕೈಜೋಡಿಸುತ್ತಿದ್ದೇನೆ, ನಿಮ್ಮ ಅನುಭವ ಹೇಳಿ

ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಮ್ಮೂರು ಮೈಸೂರಿಗೆ ಹತ್ತಿರ. ಯುಗಾದಿ ಕಳೆದ ಮೇಲೆ ಜಾತ್ರೆ, ಮಾರನೇ ದಿನ ನಾಡಕುಸ್ತಿ. ಹತ್ತು ವರ್ಷ ಬೆಂಗಳೂರಿನಲ್ಲಿದ್ದು ಈಗ ಊರಿಗೆ ವಾಪಸ್ ಬಂದಿದ್ದೇನೆ. ಗರಡಿ ಮನೆಯ ಉಸ್ತಾದರು "ಈ ಸಲ ನೀನೂ ಬಾರಪ್ಪ, ಹುಡುಗರು ಸಾಲ್ತಾ ಇಲ್ಲ" ಎಂದರು. ಒಪ್ಪಿಕೊಂಡೆ. ಆದರೆ ಟಿವಿಯಲ್ಲಿ ಬರುವ ಕುಸ್ತಿ ಬಿಟ್ಟರೆ, ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಒಂದು ಸಲ ನೋಡಿದ್ದಷ್ಟೇ ನೆನಪು. ಯಾವ ಕೆಲಸ ವಹಿಸಿಕೊಳ್ಳಲಿ? ಏನು ಮಾಡಬಾರದು? ಒಂಬತ್ತು ವರ್ಷದ ಮಗಳು ತಾನೂ ಬರುತ್ತೇನೆ ಎನ್ನುತ್ತಿದ್ದಾಳೆ. ಕರೆದುಕೊಂಡು ಹೋಗಬಹುದಾ?

ಮೈಸೂರಿನಿಂದ

ಹದಿನಾಲ್ಕು ವರ್ಷದಿಂದ ನಾನು ಇದೇ ಕೆಲಸ ಮಾಡುತ್ತಿದ್ದೇನೆ. ಪೈಲ್ವಾನ್ ಅಲ್ಲ. ನಮ್ಮ ಬೀದಿಯ ಗರಡಿಯಲ್ಲಿ ಎರಡು ವರ್ಷ ದಂಡ, ಬಸ್ಕಿ ಹೊಡೆದು, ಮಂಡಿ ನೋವು ಬಂದ ಮೇಲೆ ಬಿಟ್ಟೆ. ಆದರೆ ಗರಡಿಯ ನಂಟು ಬಿಡಲಿಲ್ಲ. ನಿಮ್ಮ ಉಸ್ತಾದರು ತಾವೇ ಕರೆದಿದ್ದಾರೆ ಎಂದರೆ ಅದು ಸಣ್ಣ ಮಾತಲ್ಲ. ಹೋಗಿ.

ಮೊದಲು ಮಣ್ಣಿನ ಕೆಲಸ ಕೇಳಿ ತೆಗೆದುಕೊಳ್ಳಿ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಕುಸ್ತಿಯ ದಿನ ಜನ ನೋಡುವುದು ಪೈಲ್ವಾನರನ್ನು, ಆದರೆ ಅವರ ಬೆನ್ನು ಬೀಳುವುದು ನೀವು ಹದ ಮಾಡಿದ ಮಣ್ಣಿನ ಮೇಲೆ. ಕೆಮ್ಮಣ್ಣನ್ನು ಗುದ್ದಲಿಯಲ್ಲಿ ಆಳವಾಗಿ ಅಗೆದು, ಹೆಂಟೆ ಒಡೆದು, ಜರಡಿ ಹಿಡಿಯಬೇಕು. ನೀರು ಚಿಮುಕಿಸಿ ಒಂದು ರಾತ್ರಿ ಬಿಡಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಬೆರಳಲ್ಲಿ ಮುಟ್ಟಿದರೆ ಪುಡಿ ಆಗಬೇಕು. ಅದೇ ಹದ. ಹಸಿ ಜಾಸ್ತಿಯಾದರೆ ಕಾಲು ಜಾರುತ್ತದೆ. ಒಣಗಿದರೆ ಧೂಳೆದ್ದು ಕಣ್ಣಿಗೆ ಹೋಗುತ್ತದೆ, ಮೈ ತರಚುತ್ತದೆ. ಬಿಸಿಲಲ್ಲಿ ನಡೆಯುವ ಕುಸ್ತಿಯಾದರೆ ಮಧ್ಯೆ ಮಧ್ಯೆ ಒಂದು ಬಿಂದಿಗೆ ನೀರು ಕೈಯಲ್ಲೇ ಚಿಮುಕಿಸುತ್ತಾ ಇರಬೇಕು. ಪೈಪ್ ಹಿಡಿಯಬೇಡಿ, ಒಂದು ಕಡೆ ಕೆಸರಾಗುತ್ತದೆ.

ಜಾತ್ರೆ ಎಂದಿರಿ, ಅದಕ್ಕೇ ಈ ಮಾತು. ಜಾತ್ರೆಯಲ್ಲಿ ಬಳೆ ಅಂಗಡಿ ಇದ್ದೇ ಇರುತ್ತದೆ. ಹಿಂದಿನ ದಿನ ಜನ ಅದೇ ಮೈದಾನದಲ್ಲಿ ಓಡಾಡಿರುತ್ತಾರೆ. ಒಂದು ವರ್ಷ ಸಂಜೆ ನಾವು ನಾಲ್ಕು ಜನ ಮಂಡಿಯೂರಿ, ಒಬ್ಬರ ಪಕ್ಕ ಒಬ್ಬರು ಸಾಲಾಗಿ, ಹತ್ತೂ ಬೆರಳು ಮಣ್ಣೊಳಗೆ ಬಿಟ್ಟು ಬಾಚುತ್ತಾ ಹೋದೆವು. ನನ್ನ ಹೆಬ್ಬೆರಳಿಗೆ ಚುಚ್ಚಿತು. ತೆಗೆದು ನೋಡಿದರೆ ಹಸಿರು ಗಾಜಿನ ಬಳೆ ಚೂರು, ಉಗುರಿನಷ್ಟು ಉದ್ದ. ಮಾರನೇ ದಿನ ಅಲ್ಲೇ ಹದಿನಾರು ವರ್ಷದ ಹುಡುಗನೊಬ್ಬ ಬೆನ್ನು ಕೆಳಗಾಗಿ ಬಿದ್ದ. ಆ ಚೂರು ಈಗಲೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಜರಡಿ ಹಿಡಿದಾಯಿತಲ್ಲ ಎಂದು ಬಿಡಬೇಡಿ. ಕೈಯಲ್ಲಿ ಬಾಚಿ.

ಇನ್ನು ಜೋಡಿ ಕಟ್ಟುವುದು. ದಸರಾ ಕುಸ್ತಿಗೆ ಮೈಸೂರಿನಲ್ಲಿ ಇದನ್ನು ಹಬ್ಬಕ್ಕೆ ಮೊದಲೇ, ಒಂದು ದಿನ ಗೊತ್ತು ಮಾಡಿ ನಡೆಸುತ್ತಾರೆ. ಹಳ್ಳಿಗಳಲ್ಲಿ ಎಷ್ಟೋ ಸಲ ಅದೇ ದಿನ ಬೆಳಿಗ್ಗೆ ಆಗುತ್ತದೆ. ಇಬ್ಬರು ಪೈಲ್ವಾನರನ್ನು ಅಕ್ಕಪಕ್ಕ ನಿಲ್ಲಿಸಿ ಹಿರಿಯರು ಎತ್ತರ, ತೂಕ, ವಯಸ್ಸು, ಹಿಂದೆ ಯಾರ ಜೊತೆ ಹಿಡಿದಿದ್ದಾನೆ ಎನ್ನುವುದನ್ನೆಲ್ಲ ನೋಡುತ್ತಾರೆ. ಎರಡೂ ಕಡೆಯ ಉಸ್ತಾದರು ಒಪ್ಪಿದರೆ ಕೈ ಮಿಲಾಯಿಸಿ ಹೆಸರು ಬರೆಯುತ್ತಾರೆ. ನಿಮಗೆ ಪುಸ್ತಕ ಕೊಟ್ಟು ಹೆಸರು ಬರೆಯಲು ಕೂರಿಸಬಹುದು, ಓದಿದವರು ಅಂತ. ಇಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ. ಮೂರನೇ ವರ್ಷವೋ ನಾಲ್ಕನೇ ವರ್ಷವೋ, ಕೊನೆಯಲ್ಲಿ ಇಬ್ಬರು ಹುಡುಗರು ಜೋಡಿ ಸಿಗದೆ ಉಳಿದುಕೊಂಡರು. ಹಿರಿಯರು ಊಟಕ್ಕೆ ಎದ್ದಿದ್ದರು. "ನಾವಿಬ್ಬರೂ ಹಿಡೀತೀವಿ ಅಣ್ಣ, ಬರ್ಕೊಳ್ಳಿ" ಎಂದರು. ಬರೆದುಕೊಂಡೆ. ಒಬ್ಬನಿಗೆ ಹದಿನೈದು, ಇನ್ನೊಬ್ಬನಿಗೆ ಹತ್ತೊಂಬತ್ತು. ತೂಕ ಹೆಚ್ಚುಕಡಿಮೆ ಒಂದೇ ಇತ್ತು, ಆದರೆ ದೊಡ್ಡವನು ಐದಾರು ವರ್ಷ ಗರಡಿಯಲ್ಲಿ ಪಳಗಿದವನು. ಎರಡೇ ನಿಮಿಷದಲ್ಲಿ ಚಿಕ್ಕವನ ಕೊರಳೆಲುಬು ಮುರಿಯಿತು. ಅವನ ತಾಯಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ಉಸ್ತಾದರು ಇಬ್ಬರನ್ನೂ ಕಣ್ಣಾರೆ ನೋಡಿ ಒಪ್ಪದೆ ನಾನು ಒಂದು ಹೆಸರನ್ನೂ ಬರೆದಿಲ್ಲ. ಹುಡುಗರು ಎಷ್ಟೇ ಗೋಗರೆಯಲಿ, ನೀವೂ ಬರೆಯಬೇಡಿ.

ಕುಸ್ತಿಯ ಲೆಕ್ಕಾಚಾರ ಬೇಗ ಗೊತ್ತಾಗುತ್ತದೆ. ನಾಡಕುಸ್ತಿಯಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸಿ ಚಿತ್ ಮಾಡಿದರೆ ಗೆಲುವು. ಎಷ್ಟು ನಿಮಿಷದ ಕುಸ್ತಿ ಎಂದು ಮೊದಲೇ ಹೇಳಿರುತ್ತಾರೆ, ಅಷ್ಟರಲ್ಲಿ ಆಗದಿದ್ದರೆ ಸಮ. ಸೋಲು ಗೆಲುವು ತೀರ್ಮಾನ ಆಗುವವರೆಗೂ ನಡೆಯುವುದನ್ನು ನಮ್ಮ ಕಡೆ ಮಾರ್ಫಿಟ್ ಕುಸ್ತಿ ಎನ್ನುತ್ತಾರೆ. ಮ್ಯಾಟ್ ಮೇಲೆ ನಡೆಯುವ ಪಾಯಿಂಟ್ ಕುಸ್ತಿ ಬೇರೆ. ಅದು ಮೂರು ಮೂರು ನಿಮಿಷದ ಎರಡು ಸುತ್ತು, ಮಧ್ಯೆ ಮೂವತ್ತು ಸೆಕೆಂಡ್ ಬಿಡುವು. ವಿಜಯದಶಮಿ ದಿನ ಅರಮನೆಯಲ್ಲಿ ಜಟ್ಟಿಗಳು ಬೆರಳಿಗೆ ಮೊನಚಾದ ಆಯುಧ ಹಾಕಿಕೊಂಡು ಮಾಡುವ ವಜ್ರಮುಷ್ಟಿ ಕಾಳಗ ಇವೆರಡೂ ಅಲ್ಲ. ಅಲ್ಲಿ ಒಬ್ಬರ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ನಿಲ್ಲಿಸುತ್ತಾರೆ. ನಿಮ್ಮ ಮಗಳು ಅದರ ಫೋಟೋ ನೋಡಿ ಹೆದರಿದ್ದರೆ, ಜಾತ್ರೆ ಕುಸ್ತಿ ಹಾಗಿರಲ್ಲ ಎಂದು ಹೇಳಿ.

ಕುಸ್ತಿ ಶುರುವಾದ ಮೇಲೆ ನಿಮ್ಮ ಜಾಗ ಅಖಾಡದ ಹಿಂದೆ, ಸ್ನಾನದ ನೀರು ಇಟ್ಟಿರುವ ಕಡೆ. ಇದನ್ನು ಯಾರೂ ನಿಮಗೆ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ಗೆದ್ದವನನ್ನು ಹೆಗಲ ಮೇಲೆ ಹೊತ್ತು ಸುತ್ತಿಸುತ್ತಾರೆ. ಜನ ಕೈಗೆ ನೋಟು ಕೊಡುತ್ತಾರೆ, ತಮಟೆ ಬಡಿಯುತ್ತದೆ. ಸೋತವನು ಆ ಗದ್ದಲದ ಮಧ್ಯೆ ಒಬ್ಬನೇ ನಡೆದು ಬರುತ್ತಾನೆ. ಕಿವಿ, ಮೂಗು, ಬಾಯಿಗೆಲ್ಲ ಮಣ್ಣು. ಒಂದು ವರ್ಷ, ಬಾಗಲಕೋಟೆ ಕಡೆಯಿಂದ ರಾತ್ರಿಯೆಲ್ಲ ಬಸ್ಸಲ್ಲಿ ಬಂದಿದ್ದ ಪೈಲ್ವಾನ್ ಒಬ್ಬರು ಬಕೆಟ್ ಮುಂದೆ ಕೂತು ಚೊಂಬು ಎತ್ತಲೂ ಆಗದೆ ಸುಮ್ನೆ ನೀರನ್ನೇ ನೋಡುತ್ತಿದ್ದರು. ಅಂಗೈ ನಡುಗುತ್ತಿತ್ತು. ನಾನೇ ಚೊಂಬಿನಲ್ಲಿ ನೀರು ಹಾಕಿದೆ, ಬೆನ್ನಿನ ಮಣ್ಣು ಉಜ್ಜಿದೆ. ಕೆಂಪು ನೀರು ಕಾಲ ಕೆಳಗೆ ಹರಿದು ಹೋಯಿತು. ಟವೆಲ್ ಕೊಟ್ಟ ಮೇಲೆ "ನಿಮ್ಮೂರ ಮಣ್ಣು ಚಲೋ ಐತ್ರಿ" ಎಂದರು. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ದೊಡ್ಡ ಬಹುಮಾನ ಅದೇ. ಬಕೆಟ್, ಚೊಂಬು, ಸೋಪು, ಒಣಗಿದ ಟವೆಲ್, ಕುಡಿಯಲು ನಿಂಬೆಹಣ್ಣಿನ ಪಾನಕ, ಬಾಳೆಹಣ್ಣು, ಇಷ್ಟನ್ನು ನೀವು ನೋಡಿಕೊಂಡರೆ ಸಾಕು.

ದುಡ್ಡಿನ ವಿಷಯ ಕಮಿಟಿಯವರದ್ದು. ಆದರೂ ಒಂದು ಮಾತು ಕಿವಿಗೆ ಹಾಕಿ. ಗೆದ್ದವರಿಗೆ, ಸೋತವರಿಗೆ, ಸಮ ಆದವರಿಗೆ ಕೊಡುವ ಹಣವನ್ನು ಹಿಂದಿನ ರಾತ್ರಿಯೇ ಲಕೋಟೆಯಲ್ಲಿ ಹಾಕಿಟ್ಟು, ಕುಸ್ತಿ ಮುಗಿದ ಐದು ನಿಮಿಷದಲ್ಲಿ ಕೈಗೆ ಕೊಡಬೇಕು. ಒಂದು ಊರಿನಲ್ಲಿ ಭಾಷಣ, ಸನ್ಮಾನ ಎಲ್ಲ ಮುಗಿಯಲಿ ಎಂದು ರಾತ್ರಿ ಹತ್ತರವರೆಗೆ ಕಾಯಿಸಿದರು. ದೂರದ ಹುಡುಗರು ಕೊನೆ ಬಸ್ ತಪ್ಪಿ ದೇವಸ್ಥಾನದ ಜಗಲಿಯ ಮೇಲೆ ಮಲಗಿದರು. ಮುಂದಿನ ವರ್ಷ ಆ ಊರಿಗೆ ಒಳ್ಳೆಯ ಜೋಡಿಗಳು ಬರಲೇ ಇಲ್ಲ.

ದಾವಣಗೆರೆಯಿಂದ

ನಾನು ನರ್ಸ್. ನಮ್ಮಲ್ಲಿ ದುರ್ಗಾಂಬಿಕಾ ಜಾತ್ರೆಯ ಕುಸ್ತಿಗೆ ತುಂಬಾ ಜನ ಸೇರುತ್ತಾರೆ. ಮೈಸೂರಿನ ಅಣ್ಣ ಎಲ್ಲವನ್ನೂ ಹೇಳಿದ್ದಾರೆ, ನಾನು ಪೆಟ್ಟಿನ ಬಗ್ಗೆ ಮಾತ್ರ ಹೇಳುತ್ತೇನೆ.

ಕತ್ತು ನೋವು, ಕೈಕಾಲು ಜುಮ್ ಎನ್ನುತ್ತಿದೆ ಎಂದು ಯಾರಾದರೂ ಹೇಳಿದರೆ ಎತ್ತಬೇಡಿ. ಬಿದ್ದಲ್ಲೇ ತಲೆ ಅಲುಗಾಡದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು 108ಕ್ಕೆ ಫೋನ್ ಮಾಡಿಸಿ. ಜನ "ಏಳು ಏಳು" ಎಂದು ಕೂಗುತ್ತಾರೆ, ಕೂಗಲಿ. ಭುಜ ಜಾರಿದರೆ ಎಳೆದು ಕೂರಿಸುತ್ತೇನೆ ಎಂದು ಮುಂದೆ ಬರುವವರು ಪ್ರತಿ ಜಾತ್ರೆಯಲ್ಲೂ ಇರುತ್ತಾರೆ. ಅವರನ್ನು ದಯವಿಟ್ಟು ತಡೆಯಿರಿ. ಟವೆಲ್‌ನಲ್ಲಿ ಕೈಯನ್ನು ಎದೆಗೆ ಕಟ್ಟಿ ಆಸ್ಪತ್ರೆಗೆ ಕಳಿಸಿ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸಬಾರದು. ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು.

ಜೋಡಿ ಕಟ್ಟುವಾಗಲೇ ಉಗುರು ನೋಡಿ. ಹುಳುಕಡ್ಡಿ ಇರುವವರನ್ನು ಅವತ್ತು ಆಡಿಸಬೇಡಿ ಎಂದು ಉಸ್ತಾದರಿಗೆ ಮೆಲ್ಲಗೆ ಹೇಳಿ. ಅದು ಮೈಗೆ ಮೈ ತಾಗಿ ಇಡೀ ಗರಡಿಗೆ ಹರಡುತ್ತದೆ. ಮತ್ತೆ ಧನುರ್ವಾಯು ಬರದ ಹಾಗೆ ಹಾಕಿಸುವ ಚುಚ್ಚುಮದ್ದು. ಮಣ್ಣಿನಲ್ಲಿ ಗಾಯವಾಗುತ್ತದೆ ಎಂದಮೇಲೆ ಮಣ್ಣು ಬಾಚುವ ನೀವೂ ಹಾಕಿಸಿಕೊಂಡಿರಬೇಕು, ಅಲ್ವಾ?

ಬೆಳಗಾವಿಯಿಂದ

ಮಗಳ ವಿಷಯ ಕೇಳಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ಖಂಡಿತ ಕರೆದುಕೊಂಡು ಹೋಗಿ. ನಾನು ಆರೇಳು ವರ್ಷದವಳಿದ್ದಾಗ ಅಜ್ಜನ ಕೈಹಿಡಿದು ಜಂಗೀ ನಿಕಾಲಿ ಕುಸ್ತಿ, ಅಂದರೆ ಸೋಲು ಗೆಲುವು ತೀರ್ಮಾನ ಆಗುವವರೆಗೂ ನಡೆಯುವ ಕುಸ್ತಿ, ನೋಡಲು ಹೋಗುತ್ತಿದ್ದೆ. ನಮ್ಮ ಕಡೆ ಹಲಗಿ ಬಡಿತ ಜೋರು. ಪಟ್ಟು ಬಿಗಿಯಾದ ಹಾಗೆ ಹಲಗಿಯೂ ಜೋರಾಗುತ್ತದೆ, ಎದೆಯೊಳಗೇ ಬಡಿದ ಹಾಗೆ ಆಗುತ್ತದೆ. ಮಗುವನ್ನು ಹಲಗಿಯವರ ಹತ್ತಿರ ಕೂರಿಸಬೇಡಿ. ಅಖಾಡದ ಅಂಚಿಗೂ ಬೇಡ, ಪೈಲ್ವಾನರು ಒಮ್ಮೊಮ್ಮೆ ಹೊರಗೆ ಬಂದು ಬೀಳುತ್ತಾರೆ. ನಾಲ್ಕೈದು ಸಾಲು ಹಿಂದೆ, ಸ್ವಲ್ಪ ಎತ್ತರದಲ್ಲಿ ಕೂತರೆ ಎಲ್ಲ ಕಾಣುತ್ತದೆ. ಟೋಪಿ, ನೀರು ಇರಲಿ. ಕೆಲವು ಕಡೆ ಹೆಂಗಸರಿಗೆ ಶೌಚಾಲಯ ಇರುವುದಿಲ್ಲ, ಮೊದಲೇ ವಿಚಾರಿಸಿ.

ಅಜ್ಜ ಖಾಶಾಬಾ ಜಾಧವರ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಕರಾಡ್ ಹತ್ತಿರದ ಹಳ್ಳಿಯವರು, ಮಣ್ಣಿನಲ್ಲಿ ಕಲಿತವರು. 1948ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಮ್ಯಾಟ್ ಅವರಿಗೆ ಹೊಸದು. ಆದರೂ ಆರನೇ ಸ್ಥಾನ. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬರೇ ಆಡಿ ಗೆದ್ದ ಮೊದಲ ಒಲಿಂಪಿಕ್ ಪದಕ ಅದು. ಮಗಳಿಗೆ ಕುಸ್ತಿಗೆ ಹೋಗುವ ಮೊದಲು ಈ ಕಥೆ ಹೇಳಿ, ನೋಡುವ ಕಣ್ಣೇ ಬೇರೆಯಾಗುತ್ತದೆ.

ಒಂದು ಸೂಕ್ಷ್ಮ ಇದೆ. ಕೆಲವು ಗರಡಿಗಳಲ್ಲಿ ಹೆಣ್ಣುಮಕ್ಕಳು ಅಖಾಡದ ಮಣ್ಣು ತುಳಿಯಬಾರದು ಎನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಹಳಿಯಾಳ, ಗದಗ ಕಡೆಯ ಹುಡುಗಿಯರು ಎಷ್ಟು ಚೆನ್ನಾಗಿ ಆಡುತ್ತಾರೆ ನೋಡಿ. ಮೈಸೂರು ದಸರಾದಲ್ಲೇ ಹುಡುಗಿಯರಿಗೆ ದಸರಾ ಕಿಶೋರಿ ಪ್ರಶಸ್ತಿ ಇದೆ. ಆದರೆ ಮಗುವನ್ನು ಎಲ್ಲರ ಮುಂದೆ ಯಾರಾದರೂ ಗದರಿಸಿದರೆ ಅದು ಜೀವನಪೂರ್ತಿ ಮನಸ್ಸಿನಲ್ಲಿ ಉಳಿಯುತ್ತದೆ. ಹಾಗಾಗಿ ಉಸ್ತಾದರನ್ನು ಮೊದಲೇ, ಒಬ್ಬರೇ ಇರುವಾಗ ಕೇಳಿ. ಕೇಳಿದರೆ ಎಷ್ಟೋ ಹಿರಿಯರು ಒಪ್ಪುತ್ತಾರೆ.

ಕೇಳಿದವರು

ನಿಮಗೆಲ್ಲ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ನಿನ್ನೆ ಸಂಜೆ ಗರಡಿಗೆ ಹೋಗಿದ್ದೆ. ಮಣ್ಣು ಮತ್ತು ಸ್ನಾನದ ನೀರು ನನ್ನ ಪಾಲಿಗೆ ಎಂದು ಕೇಳಿ ತೆಗೆದುಕೊಂಡೆ. ಉಸ್ತಾದರು ಒಂದು ಸಲ ನನ್ನ ಮುಖ ನೋಡಿ "ಯಾರು ಹೇಳಿಕೊಟ್ರು?" ಎಂದರು. ಮಗಳ ವಿಷಯವನ್ನೂ ಕೇಳಿದೆ. "ಮಣ್ಣು ಬಾಚೋ ದಿನಾನೇ ಕರ್ಕೊಂಡು ಬಾ, ಚಿಕ್ಕ ಬೆರಳಿಗೆ ಚೂರು ಬೇಗ ಸಿಗ್ತವೆ" ಎಂದರು. ನನ್ನ ಕಣ್ಣು ತುಂಬಿತು. ಇನ್ನೊಂದು ಅನುಮಾನ. ಮಣ್ಣಿಗೆ ಅರಿಶಿನ, ಎಣ್ಣೆ ಎಲ್ಲ ಬೆರೆಸುತ್ತಾರಂತೆ. ಅದನ್ನು ಯಾವಾಗ ಹಾಕುವುದು? ನಾನೇ ತರಬೇಕಾ?

ಮೈಸೂರಿನಿಂದ

ಮಗಳಿಗೆ ತೆಳು ಕೈಗವಸು ಕೊಡಿಸಿ, ಬೆರಳು ಕುಯ್ಯದಿರಲಿ.

ನೀವಾಗಿಯೇ ಏನೂ ತರಬೇಡಿ. ಅರಿಶಿನ, ಕುಂಕುಮ, ಎಳ್ಳೆಣ್ಣೆ, ತುಪ್ಪ, ಮಜ್ಜಿಗೆ, ನಿಂಬೆಹಣ್ಣು, ಕರ್ಪೂರ, ಹೀಗೆ ಒಂದೊಂದು ಗರಡಿಯಲ್ಲಿ ಒಂದೊಂದು ಲೆಕ್ಕ. ಎಷ್ಟು, ಯಾವಾಗ ಎನ್ನುವುದು ಉಸ್ತಾದರ ಕೈಯಲ್ಲಿರುತ್ತದೆ. ಚೀಟಿ ಕೊಟ್ಟರೆ ಅದರಲ್ಲಿ ಬರೆದಷ್ಟನ್ನೇ ತನ್ನಿ, ಜಾಸ್ತಿ ಬೇಡ. ನಮ್ಮಲ್ಲಿ ಜರಡಿ ಹಿಡಿದ ಮೇಲೆ, ಬಾಚುವುದಕ್ಕೆ ಮೊದಲು ಬೆರೆಸುತ್ತಾರೆ. ಪೂಜೆ ಆದಮೇಲೆ ಚಪ್ಪಲಿ ಹಾಕಿಕೊಂಡು ಯಾರೂ ಅತ್ತ ಸುಳಿಯದ ಹಾಗೆ ರಾತ್ರಿ ಒಬ್ಬರು ಕಾವಲಿರಬೇಕು. ನಾಯಿ ಬಂದು ಮಲಗುತ್ತದೆ, ತಂಪಾಗಿರುತ್ತದಲ್ಲ. ಒಂದು ಟಾರ್ಚ್, ಒಂದು ಕಂಬಳಿ ತೆಗೆದುಕೊಂಡು ಹೋಗಿ. ಬೆಳಗಿನ ಐದು ಗಂಟೆಗೆ ಒಂದು ಸಲ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ಉಂಡೆ ಕಟ್ಟದಿದ್ದರೆ ಅರ್ಧ ಬಿಂದಿಗೆ ನೀರು ಚಿಮುಕಿಸಿ, ಉಸ್ತಾದರನ್ನು ಎಬ್ಬಿಸಿ ತೋರಿಸಿ.